ಉಪ್ಪು ಬಾವಿಗಿಳಿದ ಕಥೆ

ಅರಸೀಕೆರೆ ಅಂದ ಕೂಡಲೇ ಹಾಸನ ಜಿಲ್ಲೆಯ ರೈಲು ಜಂಕ್ಷನ್ ನೆನೆಯುವವರಿಗೆ ಮೊದಲೇ ಹೇಳಿಬಿಡುತ್ತೇನೆ: ನಮ್ಮದು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ, ಉಚ್ಚಂಗಿದುರ್ಗದ ಮಗ್ಗುಲಿನದು. 1953ರ ತನಕ ಮದ್ರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆ, ಆಮೇಲೆ ಮೈಸೂರು ರಾಜ್ಯ, 1997ರಲ್ಲಿ ದಾವಣಗೆರೆ ಜಿಲ್ಲೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಜಿಲ್ಲೆ ಎಷ್ಟು ಸಲ ಬದಲಾದರೂ ನೀರಿನ ಬರ ಮಾತ್ರ ಬದಲಾಗಲಿಲ್ಲ. ಇಂಥ ಸೀಮೆಯಲ್ಲಿ ಮನೆಯ ಈಜುಕೊಳದ ಚರಿತ್ರೆ ಬರೆಯಲು ಕೂತಿದ್ದೇನೆಂದರೆ ನಗುವವರೇ ಹೆಚ್ಚು. ಆದರೆ ಈಗ ಹೊಲದ ಮನೆಗಳಲ್ಲಿ ಅಲ್ಲೊಂದು ಇಲ್ಲೊಂದು ಕೊಳ ಏಳುತ್ತಿವೆ. ಅದಕ್ಕೆ ಉಪ್ಪು ಸುರಿದು ಕ್ಲೋರಿನ್ ಮಾಡುವ ಯಂತ್ರವೂ ಬಂದಿದೆ. ಬಹಳ ವರ್ಷ ಬಾವಿಗಳಿಗೆ ಬ್ಲೀಚಿಂಗ್ ಪುಡಿ ಹಾಕುತ್ತ ತಿರುಗಿದ ಆರೋಗ್ಯ ಸಹಾಯಕ ನಾನು. ಹೊಸ ಯಂತ್ರದ ಮಾತು ಬಂದಾಗಲೆಲ್ಲ ನನ್ನ ಲಕ್ಷ್ಯ ಹಳೆಯ ಉಪ್ಪಿನ ಕಡೆಗೇ ಹೋಗುತ್ತದೆ.

ಈ ಭಾಗದ ತಗ್ಗಿನ ನೆಲದಲ್ಲಿ ಬೇಸಿಗೆಗೆ ಬಿಳಿ ಸವಳು ಏಳುವುದು ಈಗಲೂ ಉಂಟು. ಬೆಳೆಗೆ ಬಾರದ ಆ ಮಣ್ಣೇ ಒಂದು ಕಾಲಕ್ಕೆ ಉಪ್ಪು ತೆಗೆಯುವ ಉಪ್ಪಾರರ ಬದುಕಾಗಿತ್ತು. ಸವಳು ಮಣ್ಣನ್ನು ಕೆರೆದು ತಂದು, ದಿಬ್ಬದ ತಲೆಯಲ್ಲಿ ತೋಡಿದ ಗುಳಿಗೆ ತುಂಬಿ, ಮೇಲಿಂದ ನೀರು ಹೊಯ್ಯುತ್ತಿದ್ದರು. ಕೆಳಗೆ ಗಡಿಗೆಗೆ ಇಳಿದ ಉಪ್ಪುನೀರನ್ನು ಗಾರೆ ಮಾಡಿದ ಮಟ್ಟಸ ತಳದಲ್ಲಿ ಹರಡಿದರೆ ಮಿಕ್ಕ ಕೆಲಸ ಬಿಸಿಲಿನದು. ಸಮುದ್ರದ ಉಪ್ಪಿನಷ್ಟು ಬೆಳ್ಳಗಿಲ್ಲ, ಸ್ವಲ್ಪ ಕಹಿಯೂ ಹೌದು, ಆದರೆ ಅಗ್ಗ. ಬಡವರ ಮುದ್ದೆಗೂ ದನದ ಕಲಗಚ್ಚಿಗೂ ಅದೇ ಆಗುತ್ತಿತ್ತು. ಕರಾವಳಿಯ ಉಪ್ಪನ್ನು ಲಂಬಾಣಿಗರು ಎತ್ತುಗಳ ಮೇಲೆ ಹೇರಿಕೊಂಡು ಘಟ್ಟ ಹತ್ತಿಸಿ ತರುತ್ತಿದ್ದರು. ನಮ್ಮ ತಾಲ್ಲೂಕಿನಲ್ಲಿ ಇಷ್ಟೊಂದು ತಾಂಡಾಗಳು ಇರುವುದರ ಹಿಂದೆ ಆ ಹೇರೆತ್ತಿನ ಕಾಲವೂ ಇದೆ.

ಕುಂಪಣಿ ಸರ್ಕಾರ 1805ರಲ್ಲೇ ಮದ್ರಾಸ್ ಪ್ರಾಂತ್ಯದ ಉಪ್ಪನ್ನು ತನ್ನ ಏಕಸ್ವಾಮ್ಯ ಮಾಡಿಕೊಂಡಿತು. ಕರಾವಳಿಯ ಉಪ್ಪಿನಿಂದ ತೆರಿಗೆ ಬರಬೇಕಾದರೆ ಒಳನಾಡಿನಲ್ಲಿ ಮಣ್ಣಿನಿಂದ ಉಪ್ಪು ತೆಗೆಯುವವರ ಕೈ ಕಟ್ಟಲೇಬೇಕು. 19ನೇ ಶತಮಾನ ಮುಗಿಯುವ ಹೊತ್ತಿಗೆ ಆ ಕಸುಬಿನ ಉಸಿರು ನಿಂತಿತ್ತು; 1889ರ ಮದ್ರಾಸ್ ಉಪ್ಪಿನ ಕಾಯಿದೆ ಕದ್ದು ಮಾಡುವವರ ಬೆನ್ನಿಗೂ ಬಿತ್ತು. ಕಲಬೆರಕೆಯ ಉಪ್ಪು ಆರೋಗ್ಯಕ್ಕೆ ಕೆಟ್ಟದ್ದು ಎಂಬ ಕಾರಣವನ್ನೂ ಅಧಿಕಾರಿಗಳು ಕೊಟ್ಟರು. ನನಗದು ನೆಪವೆಂದೇ ಕಾಣುತ್ತದೆ. ಕಸುಬು ಕಳೆದುಕೊಂಡ ಉಪ್ಪಾರರು ಗುದ್ದಲಿ ಹಿಡಿದು ಮಣ್ಣು ಕೆಲಸಕ್ಕೆ ಇಳಿದರು: ಕೆರೆ ಏರಿ, ರಸ್ತೆ, ಬಾವಿ. ಕಲ್ಲು ಒಡೆಯಲು ಭೋವಿಗಳು, ಮಣ್ಣು ಎತ್ತಲು ಇವರು. ಎತ್ತು ಕಟ್ಟಿ ನೀರೆತ್ತುವ ನಮ್ಮ ಸೀಮೆಯ ಎಷ್ಟೋ ಕಪಿಲೆ ಬಾವಿಗಳು ಈ ಇಬ್ಬರ ಬೆವರಿನವು.

ಆ ಬಾವಿಗಳೇ ನಮ್ಮ ಈಜುಕೊಳ. ಬೆನ್ನಿಗೆ ಒಣ ಸೋರೆಬುರುಡೆಯನ್ನೋ ಬೆಂಡಿನ ಕಟ್ಟನ್ನೋ ಬಿಗಿದು, ಸೋದರಮಾವನೊಬ್ಬ ಕಪಿಲೆಯ ಕಲ್ಲಿನ ಮೇಲಿಂದ ದೂಡಿಬಿಟ್ಟರೆ ಈಜು ಬಂದಂತೆಯೇ ಲೆಕ್ಕ. ಫೀಸಿಲ್ಲ, ಫಿಲ್ಟರಿಲ್ಲ. ಮೆಟ್ಟಿಲ ಬಾವಿಯ ಹಣೆಬರಹ ಬೇರೆ. ಅಲ್ಲಿ ಕಾಲಿಳಿಸಿಯೇ ಕೊಡ ಅದ್ದಬೇಕು, ಅದೇ ನೀರನ್ನು ಕುಡಿಯಬೇಕು. ನಾರುಹುಣ್ಣು ಮನೆ ಮಾಡಿದ್ದು ಅಲ್ಲೇ. ಹುಣ್ಣಿದ್ದವರು ಕಾಲು ನೀರಿಗಿಟ್ಟ ಕೂಡಲೇ ಹುಣ್ಣೊಳಗಿನ ಹುಳು ಮರಿಗಳನ್ನು ಬಿಡುತ್ತದೆ. ಅವನ್ನು ಸೈಕ್ಲಾಪ್ಸ್ ಎಂಬ ಕಣ್ಣಿಗೆ ಕಂಡೂ ಕಾಣದ ನೀರುಹುಳ ನುಂಗುತ್ತದೆ, ಸೋಸದ ನೀರು ಕುಡಿದವನು ಅದನ್ನು ನುಂಗುತ್ತಾನೆ. ಹೆಚ್ಚುಕಡಿಮೆ ವರ್ಷ ಕಳೆದ ಮೇಲೆ ಮೊಳಗಟ್ಟಲೆ ಉದ್ದದ ಹುಳು ಕಾಲಿನಿಂದ ಹೊರಬರುತ್ತದೆ, ಅದೂ ಬಿತ್ತನೆಯ ಹೊತ್ತಿಗೆ. ಕಡ್ಡಿಗೆ ಸುತ್ತಿಕೊಂಡು ದಿನಕ್ಕಿಷ್ಟು ಎಂದು ಎಳೆಯುತ್ತ ಜಗುಲಿ ಮೇಲೆ ಕೂತವರನ್ನು ನನ್ನ ವಯಸ್ಸಿನವರೆಲ್ಲ ನೋಡಿದ್ದಾರೆ.

ನಾರುಹುಣ್ಣನ್ನು ಬ್ಲೀಚಿಂಗ್ ಪುಡಿ ಓಡಿಸಿತು ಎಂದು ಇಲಾಖೆಯವರೇ ಕೆಲವರು ಭಾಷಣ ಮಾಡುವುದುಂಟು. ಅದು ಸರಿಯಲ್ಲ. ಕುಡಿಯುವ ನೀರಿಗೆ ಹಾಕುವಷ್ಟು ಕ್ಲೋರಿನ್‌ಗೆ ಸೈಕ್ಲಾಪ್ಸ್ ಸಾಯುವುದಿಲ್ಲ. ಸಾಯುವಷ್ಟು ಹಾಕಿದರೆ ನೀರನ್ನು ಬಾಯಿಗಿಡಲಾಗದು. 1980ರ ದಶಕದಲ್ಲಿ ನಿರ್ಮೂಲನಾ ಕಾರ್ಯಕ್ರಮ ಬಂದಾಗ ಮಾಡಿದ್ದು ಸಾದಾ ಕೆಲಸಗಳು: ಮೆಟ್ಟಿಲು ಮುಚ್ಚಿ ಸೇದುವ ಬಾವಿ ಮಾಡುವುದು, ಬಟ್ಟೆಯಲ್ಲಿ ನೀರು ಸೋಸುವುದನ್ನು ಕಲಿಸುವುದು, ಸೈಕ್ಲಾಪ್ಸ್ ಕೊಲ್ಲುವ ಟೆಮೆಫಾಸ್ ಹಾಕುವುದು, ಬೋರ್ ಕೊರೆಸುವುದು. ದೇಶದ ಕೊನೆಯ ನಾರುಹುಣ್ಣು 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ಸಿಕ್ಕಿತು. 2000ದಲ್ಲಿ ಭಾರತ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆ ಕಾರ್ಯಕ್ರಮದಲ್ಲಿ ನಾವು ಈಜುತ್ತಿದ್ದ ಬಾವಿಗಳ ಮೆಟ್ಟಿಲುಗಳೂ ಹೋದವು. ಉಳಿದ ಬಾವಿಗಳನ್ನು ಬೋರ್‌ವೆಲ್ ಬತ್ತಿಸಿತು.

ಪುಡಿಯ ಕೆಲಸ ಇದ್ದದ್ದು ವಾಂತಿಭೇದಿಯ ವಿರುದ್ಧ. ಕೊಟ್ಟೂರಿನ ತೇರು, ಮೈಲಾರದ ಕಾರಣಿಕ ಎಂದರೆ ಭಕ್ತರಿಗಿಂತ ಮೊದಲು ನಾವು ಹೋಗಿ ಬಾವಿ ತೊಟ್ಟಿಗಳಿಗೆ ಪುಡಿ ಕಲಸಬೇಕು. ಮನೆಬಾವಿಗೆ ನಾಗಪುರದ ನೀರಿ ಸಂಸ್ಥೆಯವರ ಜೋಡಿಗಡಿಗೆ ಇತ್ತು: ಒಂದು ಕೆ.ಜಿ. ಪುಡಿ, ಎರಡು ಕೆ.ಜಿ. ದಪ್ಪ ಮರಳು ಹಸಿಯಾಗಿ ಕಲಸಿ, ತೂತು ಮಾಡಿದ ಗಡಿಗೆಗೆ ತುಂಬಿ, ಅದನ್ನು ತೂತಿದ್ದ ಇನ್ನೊಂದು ಗಡಿಗೆಯೊಳಗಿಟ್ಟು, ನೀರಿನ ಮಟ್ಟದಿಂದ ಒಂದು ಮೀಟರ್ ಕೆಳಗೆ ಇಳಿಬಿಡುವುದು. ಎರಡು ಮೂರು ವಾರ ಕ್ಲೋರಿನ್ ತಾನೇ ಸಣ್ಣಗೆ ಬಿಡುತ್ತಿತ್ತು. ಕಾಗದದಲ್ಲಿ ಚಂದ. ಆದರೆ ಹೊಸ ಪುಡಿಯಲ್ಲಿ ನೂರಕ್ಕೆ ಮೂವತ್ತಮೂರರಷ್ಟು ಇರುವ ಕ್ಲೋರಿನ್, ನಮ್ಮ ಬಿಸಿಲಿಗೆ, ಬಾಯಿ ಬಿಚ್ಚಿದ ಚೀಲದಲ್ಲಿ ಎಷ್ಟು ದಿನ ನಿಂತೀತು? ಎಷ್ಟೋ ಸಲ ನಾವು ಬಾವಿಗೆ ಹಾಕಿದ್ದು ಬರೀ ಸುಣ್ಣ. ಟೆಸ್ಟ್ ಟ್ಯೂಬಿಗೆ ಕ್ಲೋರಿನ್ ತೋರಿಸುವ ಆರ್ಥೊಟಾಲಿಡಿನ್ ಹನಿ ಬಿಟ್ಟರೆ ಹಳದಿಯೇ ಬರುತ್ತಿರಲಿಲ್ಲ. ಇನ್ನು ಜನರ ತಕರಾರು: "ಇವ್ರು ಔಷಧ ಹಾಕಿದ್ ಮ್ಯಾಲೆ ಬ್ಯಾಳಿ ಬೇಯವಲ್ದು" ಎನ್ನುವವರು, ಮಕ್ಕಳಾಗದಂತೆ ಮಾಡುವ ಮದ್ದೆಂದು ಗುಮಾನಿ ಪಡುವವರು. ತುರ್ತು ಪರಿಸ್ಥಿತಿಯ ಸಂತಾನಹರಣ ಶಸ್ತ್ರಚಿಕಿತ್ಸೆ ಕ್ಯಾಂಪುಗಳನ್ನು ಕಂಡವರ ಗುಮಾನಿಯನ್ನು ಮೂರ್ಖತನ ಎನ್ನಲು ನನಗೆ ಬಾಯಿ ಬರಲಿಲ್ಲ.

ಹಾಳಾಗುವ ಪುಡಿಯ ಬದಲು ಬೇಕಾದಷ್ಟೇ ಕ್ಲೋರಿನ್ನನ್ನು ಆಗಾಗ ಅಲ್ಲಲ್ಲೇ ಮಾಡಿಕೊಳ್ಳುವುದು ಜಾಣತನ. ಉಪ್ಪುನೀರಿಗೆ ವಿದ್ಯುತ್ ಹಾಯಿಸಿದರೆ ಒಂದು ತಗಡಿನಲ್ಲಿ ಕ್ಲೋರಿನ್, ಇನ್ನೊಂದರಲ್ಲಿ ಹೈಡ್ರೋಜನ್ ಮತ್ತು ಕಾಸ್ಟಿಕ್ ಸೋಡಾ ಬರುತ್ತವೆ. ಕಾರವಾರದ ಬಿಣಗಾದಲ್ಲಿ ಕಾರ್ಖಾನೆಯೇ ಈ ಸೂತ್ರದ ಮೇಲೆ ನಿಂತಿತು. ಆದರೆ ಮೊದಮೊದಲು ತಗಡುಗಳು ಬೇಗ ಸವೆಯುತ್ತಿದ್ದವು. 1965ರ ಸುಮಾರಿಗೆ ಹೆನ್ರಿ ಬಿಯರ್ ಎಂಬಾತ ಟೈಟೇನಿಯಮ್ ತಗಡಿಗೆ ರುಥೇನಿಯಮ್ ಆಕ್ಸೈಡ್ ಲೇಪಿಸಿದ ಮೇಲೆ ಬಾಳಿಕೆ ಬಂತು. 1970ರ ದಶಕದಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಯ ಮನೆಗೊಳಗಳಿಗೆ ಇದು ಇಳಿಯಿತು. ಅರಸೀಕೆರೆಗೆ ಬರಲು ಇಷ್ಟು ಕಾಲ ಹಿಡಿಯಿತು, ಅಷ್ಟೆ.

ನನ್ನ ತಂಗಿಯ ಮಗ ದಾವಣಗೆರೆ ರಸ್ತೆಯ ಅಡಿಕೆ ತೋಟದಲ್ಲಿ ಕೊಳ ಕಟ್ಟಿಸಿದ. "ಉಪ್ಪು ಹಾಕಿದ್ರೆ ಕ್ಲೋರಿನ್ ಬೇಕಾಗಲ್ಲಂತೆ ಮಾವ" ಅಂದ. ಮಾರುವವರು ಹಾಗೇ ಹೇಳುತ್ತಾರೆ. ಉಪ್ಪಿನ ಕೊಳವೂ ಕ್ಲೋರಿನ್ ಕೊಳವೇ ಕಣಪ್ಪ, ಪುಡಿಯ ಚೀಲದ ಬದಲು ಯಂತ್ರ ಬಂತು ಎಂದೆ. ಅವನದು ಎಂಟು ಮೀಟರ್ ಉದ್ದ, ನಾಲ್ಕು ಅಗಲ, ಸರಾಸರಿ ಒಂದೂವರೆ ಆಳ: 48,000 ಲೀಟರ್. ಸಾವಿರ ಲೀಟರಿಗೆ ಮೂರೂವರೆ ಕೆ.ಜಿ.ಯಂತೆ 168 ಕೆ.ಜಿ. ಉಪ್ಪು, ಸಮುದ್ರದ ನೀರಿನಲ್ಲಿರುವ ಉಪ್ಪಿನ ಹತ್ತರಲ್ಲೊಂದು ಪಾಲು. ಅಯೋಡಿನ್ ಬೆರೆಸದ ಶುದ್ಧ ಉಪ್ಪೇ ಆಗಬೇಕು. ನಮ್ಮ ಬೋರ್ ನೀರಲ್ಲಿ ಮೊದಲೇ ಎಷ್ಟಿದೆಯೆಂದು ಅಳೆದು ಅಷ್ಟನ್ನು ಕಳೆಯಬೇಕು. ಬೇಸಿಗೆಯಲ್ಲಿ ದಿನಕ್ಕೆ ಲೀಟರಿಗೆ ಮೂರು ಮಿಲಿಗ್ರಾಂ ಕ್ಲೋರಿನ್ ಎಂದರೂ 144 ಗ್ರಾಂ. ಪಂಪ್ ಎಂಟು ತಾಸು ಓಡಿದರೆ ಗಂಟೆಗೆ 18 ಗ್ರಾಂ. ಆದ್ದರಿಂದ ಗಂಟೆಗೆ 25 ಗ್ರಾಂ ಕ್ಲೋರಿನ್ ಮಾಡುವ ಸೆಲ್, ಅಂದರೆ ತಗಡುಗಳಿರುವ ಭಾಗ, ಕೊಳ್ಳಿಸಿದೆ. ಕರೆಂಟು ನೆಚ್ಚಿ ಅಳತೆಗೆ ಸರಿಯಾಗಿ ಕೊಳ್ಳುವ ಊರಲ್ಲ ಇದು.

ಕೊಂಡದ್ದಕ್ಕಿಂತ ನಡೆಸುವುದೇ ಕಷ್ಟ. ಹಂಡೆಯ ತಳಕ್ಕೆ ಬಿಳಿ ಹಕ್ಕಳೆ ಕಟ್ಟುವ ನಮ್ಮ ಗಡಸು ನೀರು ಸೆಲ್ಲಿನ ತಗಡನ್ನೂ ಬಿಡುವುದಿಲ್ಲ. ವಿದ್ಯುತ್ತಿನ ದಿಕ್ಕನ್ನು ತಾನೇ ಅದಲುಬದಲು ಮಾಡಿ ಹಕ್ಕಳೆ ಉದುರಿಸುವ ಮಾದರಿಯಲ್ಲದಿದ್ದರೆ ಈ ಸೀಮೆಗೆ ಬೇಡವೇ ಬೇಡ. ಹಾಗಿದ್ದೂ ಆಗಾಗ ತೆಳು ಆಸಿಡ್‌ನಲ್ಲಿ ತೊಳೆಯಬೇಕು. ಆಸಿಡ್ಡನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಸಿಡ್ಡಿಗಲ್ಲ. ಯಂತ್ರ ಓಡಿದಂತೆ ಪಿಎಚ್ ಏರುತ್ತದೆ, 7.2ರಿಂದ 7.8ರೊಳಗೆ ಹಿಡಿದಿಡಬೇಕು. ಬಿಸಿಲು ಕ್ಲೋರಿನ್ನನ್ನು ತಿನ್ನದಂತೆ ಸಯನ್ಯೂರಿಕ್ ಆಮ್ಲ ಬೇಕು. ನೀರು ಹರಿಯುವುದು ನಿಂತರೆ ಸೆಲ್ ಆರಲೇಬೇಕು, ಇಲ್ಲದಿದ್ದರೆ ಒಳಗೆ ಹೈಡ್ರೋಜನ್ ತುಂಬುತ್ತದೆ.

ಅವನೊಂದಿಗೆ ನಿಜವಾದ ಜಗಳ ಆದದ್ದು ಫಿಲ್ಟರ್ ತೊಳೆದ ನೀರಿನ ಬಗ್ಗೆ. ಪೈಪನ್ನು ಅಡಿಕೆ ಸಾಲಿಗೆ ಬಿಟ್ಟಿದ್ದ. ಕ್ಲೋರಿನ್ ಕೆಲಸ ಮುಗಿಸಿ ಮತ್ತೆ ಉಪ್ಪೇ ಆಗುತ್ತದೆ. ಹಾಗಾಗಿ ಹಾಕಿದ ಉಪ್ಪು ಕಳೆಯುವುದು ಇಂಥ ನೀರಿನಲ್ಲೇ, ಲೀಟರಿಗೆ ಮೂರೂವರೆ ಗ್ರಾಂ. ವರ್ಷವಿಡೀ ಬಿಟ್ಟರೆ ತೋಟದಲ್ಲಿ ಸವಳು ಏಳುತ್ತದೆ. ಕೊನೆಗೆ ಪೈಪ್ ಕೀಳಿಸಿ, ತೋಟದಾಚೆ ಅಗಲದ, ಆಳವಿಲ್ಲದ ಸಿಮೆಂಟ್ ತೊಟ್ಟಿ ಕಟ್ಟಿಸಿದ. ನೀರು ಬಿಸಿಲಿಗೆ ಆರುತ್ತದೆ, ತಳದಲ್ಲಿ ಕೂರುವ ಉಪ್ಪನ್ನು ಕೆರೆದು ಚೀಲಕ್ಕೆ ತುಂಬುತ್ತಾರೆ. ಅದನ್ನು ಮತ್ತೆ ಕೊಳಕ್ಕೆ ಸುರಿಯೋಣವೆಂದು ಅವನ ಆಸೆ. ಧೂಳು, ಸುಣ್ಣದ ಅಂಶ ಎಲ್ಲ ಸೇರಿರುತ್ತದೆ, ಸೆಲ್ ಕೆಡುತ್ತದೆ, ಬೇಡ ಎಂದಿದ್ದೇನೆ.