ಅಡಿ, ಗುಂಟೆ, ಮೀಟರು: ನಮ್ಮ ಸೀಮೆಯ ಅಳತೆಯ ಕಥೆ

ಪಠ್ಯಪುಸ್ತಕಕ್ಕಿಂತ ಬಹಳ ಮೊದಲೇ ಮೀಟರು ರೈಲಿನ ಜೊತೆ ನಮ್ಮ ಸೀಮೆಗೆ ಬಂದಿತ್ತು. 1880ರ ದಶಕದ ಆರಂಭದಲ್ಲಿ ಬೆಂಗಳೂರಿನಿಂದ ಕ್ಲೋಸ್‌ಪೇಟೆ, ಅಂದರೆ ಇಂದಿನ ರಾಮನಗರ, ಮತ್ತು ಚನ್ನಪಟ್ಟಣದ ಮೇಲೆ ಮೈಸೂರಿನ ಕಡೆಗೆ ಹಾಕಿದ ಹಳಿಗಳ ನಡುವಿನ ಅಂತರ ಒಂದು ಮೀಟರು. ಇಂಗ್ಲಿಷರ ಆಡಳಿತದಲ್ಲಿ ಈ ಫ್ರೆಂಚ್ ಅಳತೆ ಏಕೆ? 1870ರಲ್ಲಿ ಲಾರ್ಡ್ ಮೇಯೋ ಸರ್ಕಾರ ಸಣ್ಣ ಹಳಿಗೆ ಮೂರೂಕಾಲು ಅಡಿ ಎಂದು ಯೋಚಿಸಿತ್ತು. ದೇಶಕ್ಕೆ ಮೆಟ್ರಿಕ್ ಪದ್ಧತಿ ಬರಲಿದೆ ಎಂಬ ನಿರೀಕ್ಷೆಯಿಂದ ಅದನ್ನು ಒಂದು ಮೀಟರಿಗೆ ಏರಿಸಿದರು. ಮೆಟ್ರಿಕ್ ಕಾಯ್ದೆ ಆಗ ಜಾರಿಯಾಗಲೇ ಇಲ್ಲ, ಹಳಿ ಮಾತ್ರ ಉಳಿಯಿತು.

ಸ್ವಾತಂತ್ರ್ಯಾನಂತರ, 1956ರ ತೂಕ ಮತ್ತು ಅಳತೆ ಕಾಯ್ದೆಯ ಮೂಲಕ ಮೀಟರು ನಮ್ಮದೇ ಆಯಿತು. 1959ರಲ್ಲಿ ಇಂಗ್ಲಿಷ್ ಮಾತನಾಡುವ ದೇಶಗಳು ಒಂದು ಅಂಗುಲವನ್ನು 25.4 ಮಿಲಿಮೀಟರ್ ಎಂದು ನಿಗದಿ ಮಾಡಿದವು. ತಮಾಷೆಯೆಂದರೆ, ದೇಶವೆಲ್ಲ ಮೆಟ್ರಿಕ್ ಆದ ಮೇಲೆ ನಮ್ಮ ಮೀಟರ್ ಹಳಿಯನ್ನು ಕಿತ್ತು, ಐದೂವರೆ ಅಡಿಯ ಬ್ರಾಡ್‌ಗೇಜ್ ಹಾಕಿದರು!

ಮಾಗಡಿ, ಕನಕಪುರದ ಹೊಲಗಳಲ್ಲಿ ಮಾತ್ರ ಇಂದಿಗೂ ಗುಂಟೆಯದೇ ರಾಜ್ಯ. ಸರ್ವೆಯವರ ಸರಪಳಿ 66 ಅಡಿ, ಅಂದರೆ 20.1168 ಮೀಟರ್. ಅದರ ಅರ್ಧ 33 ಅಡಿ. ಉದ್ದಗಲ ಎರಡೂ 33 ಅಡಿಯಿದ್ದರೆ 1,089 ಚದರಡಿ, ಅದೇ ಒಂದು ಗುಂಟೆ. ಅಂಥ 40 ಸೇರಿದರೆ ಎಕರೆ. ಒಂದು ಹೆಕ್ಟೇರಿಗೆ 2 ಎಕರೆ 19 ಗುಂಟೆಗೆ ತುಸು ಕಡಿಮೆ.

ನನ್ನ ಕಸುಬು ಸಾಫ್ಟ್‌ವೇರ್ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಪಹಣಿಯ ಲೆಕ್ಕದಲ್ಲಿ 1.20 ಎಂದರೆ ಒಂದು ಎಕರೆ ಇಪ್ಪತ್ತು ಗುಂಟೆ, ಅಂದರೆ ಒಂದೂವರೆ ಎಕರೆ. ನೋಡಲು ದಶಾಂಶದಂತಿದ್ದರೂ ಆ ಚುಕ್ಕೆ ದಶಾಂಶ ಬಿಂದುವಲ್ಲ. ಅಂಥ ಎರಡು ಜಮೀನು ಕೂಡಿಸಿದರೆ ಕ್ಯಾಲ್ಕುಲೇಟರ್ 2.40 ಎನ್ನುತ್ತದೆ, ನಿಜವಾದ ಉತ್ತರ ಮೂರು ಎಕರೆ. 1.20ನ್ನು ನೇರವಾಗಿ 4,047ರಿಂದ ಗುಣಿಸಿ ಚದರ ಮೀಟರ್ ಮಾಡಿದರೆ 4,856 ಬರುತ್ತದೆ. ಬರಬೇಕಾದದ್ದು ಸುಮಾರು 6,070. ವ್ಯತ್ಯಾಸ ಹನ್ನೆರಡು ಗುಂಟೆ! ಅಣ್ಣತಮ್ಮಂದಿರು ಒಂದು ಗುಂಟೆಗಾಗಿ ಕೋರ್ಟು ಹತ್ತುವ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ. 2000ದ ಹೊತ್ತಿಗೆ ಭೂಮಿ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಏರಿದಾಗಲೂ ಎಕರೆ, ಗುಂಟೆಗಳನ್ನು ಹಾಗೆಯೇ ಉಳಿಸಿಕೊಂಡರು. ಅದು ಸರಿಯಾದ ತೀರ್ಮಾನವೆಂದೇ ನನ್ನ ಅಭಿಪ್ರಾಯ. ರೈತನಿಗೆ ಓದಲು ಬಾರದ ದಾಖಲೆ ಅವನದಾಗದು.

ಸೈಟಿನ ವಿಷಯ ಇಷ್ಟು ಕಷ್ಟವಲ್ಲ. 30x40 ಎಂದರೆ 9.144 ಮತ್ತು 12.192 ಮೀಟರ್, ಒಟ್ಟು 111.48 ಚದರ ಮೀಟರ್. ಅಳತೆಗಳನ್ನು ಮೊದಲೇ 9.1, 12.1 ಎಂದು ಕತ್ತರಿಸಿ ಗುಣಿಸಿದರೆ ಹದಿನೈದು ಚದರಡಿ ಮಾಯವಾಗುತ್ತದೆ. ಗುಣಾಕಾರ ಮುಗಿದ ಮೇಲೆ ಮಾತ್ರ ದಶಾಂಶ ಕತ್ತರಿಸಬೇಕು. ಈಗ ಹತ್ತನೇ ತರಗತಿಯಲ್ಲಿರುವವರು ಮನೆಯ ಪಹಣಿಯನ್ನೊಮ್ಮೆ ತೆಗೆದು, ಹೀಗೆ ಲೆಕ್ಕ ಹಾಕಿ ಅಜ್ಜನಿಗೋ ಅಪ್ಪನಿಗೋ ತೋರಿಸಿ.