ಗುಜರಿಗೆ ಹೋಗುವ ಮುಂಚೆ: ರೈಲು ಮ್ಯೂಸಿಯಂ ಸೇರುವ ಹಳೇ ಸಾಮಾನಿನ ಕಥೆ

ರೈಲು ಮ್ಯೂಸಿಯಂ ಅಂದಕೂಡಲೇ ಕಣ್ಣ ಮುಂದೆ ಬರುವುದು ಕಪ್ಪು ಉಗಿ ಎಂಜಿನ್. ಮಕ್ಕಳು ಹತ್ತಿ ಇಳಿಯುವುದು, ದೊಡ್ಡವರು ಫೋಟೋ ತೆಗೆಸಿಕೊಳ್ಳುವುದು ಅದರ ಹತ್ತಿರವೇ. ಆದರೆ ಸಣ್ಣ ಮ್ಯೂಸಿಯಂಗಳಿಗೆ ಎಂಜಿನ್ ದಿನಾ ಬರುವುದಿಲ್ಲ. ಅಲ್ಲಿ ಸಂಗ್ರಹ ಬೆಳೆಯುವುದು ಸಣ್ಣ ಸಾಮಾನಿನಿಂದ: ಒಂದು ಕಂದೀಲು, ಒಂದು ಟಿಕೆಟ್, ಒಂದು ಕಬ್ಬಿಣದ ಚೆಂಡು, ಒಂದು ಹಿತ್ತಾಳೆ ಬಿಲ್ಲೆ. ಈ ಸಾಮಾನು ಎಲ್ಲಿಂದ ಬರುತ್ತದೆ, ಯಾಕೆ ಬರುತ್ತದೆ, ಅದರಲ್ಲಿ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಭಾಗದ ಪಾಲು ಏನು ಎಂಬುದನ್ನು ನೋಡೋಣ.

ದುಧನಿಯ ಹಳಿ ಎಷ್ಟು ಹಳೆಯದು?

ಮಾದನಹಿಪ್ಪರಗಾ ಸುತ್ತಲಿನವರಿಗೆ ರೈಲು ಅಂದರೆ ದುಧನಿ. ಸ್ಟೇಷನ್ ಇರುವುದು ಮಹಾರಾಷ್ಟ್ರದಲ್ಲಿ, ಗಾಡಿ ಹತ್ತುವವರಲ್ಲಿ ಬಹಳ ಮಂದಿ ಈ ಕಡೆಯವರು. ಅಲ್ಲಿ ಹಾದು ಹೋಗುವ ಹಳಿ ದೇಶದ ಹಳೆಯ ಮುಖ್ಯ ಮಾರ್ಗಗಳಲ್ಲಿ ಒಂದು. 1853ರಲ್ಲಿ ಮುಂಬೈಯಿಂದ ಠಾಣೆಗೆ ಮೊದಲ ಗಾಡಿ ಓಡಿಸಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಯೇ ಇದನ್ನೂ ಹಾಕಿತು. 1860ಕ್ಕೆ ಹಳಿ ಸೊಲ್ಲಾಪುರ ಮುಟ್ಟಿತು. ಅಲ್ಲಿಂದ ಮುಂದೆ ದುಧನಿ, ಕಲಬುರಗಿ, ಶಹಾಬಾದ, ವಾಡಿ ದಾಟಿ 1871ರಲ್ಲಿ ರಾಯಚೂರು ಸೇರಿತು. ಮದ್ರಾಸ್ ಕಡೆಯಿಂದ ಬಂದ ಹಳಿಯೂ ಅಲ್ಲಿಗೇ ಬಂದು ಕೂಡಿತು. ಮುಂಬೈ ಮತ್ತು ಮದ್ರಾಸ್ ರೈಲಿನಲ್ಲಿ ಒಂದಾದದ್ದು ನಮ್ಮ ಹೊಲಗಳ ಪಕ್ಕದಲ್ಲೇ. 1874ರಲ್ಲಿ ನಿಜಾಮರ ದುಡ್ಡಿನಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಇನ್ನೊಂದು ಮಾರ್ಗ ಆಯಿತು.

ಒಂದು ಸಂಗತಿ ಗಮನಿಸಿ. ಅಕ್ಕಲಕೋಟ ರೋಡ್, ಗಾಣಗಾಪುರ ರೋಡ್ ಎಂದು ಸ್ಟೇಷನ್‌ಗಳಿಗೆ ಹೆಸರಿದೆ. ‘ರೋಡ್’ ಅಂದರೆ ಊರು ಇಲ್ಲಿಲ್ಲ, ಇಲ್ಲಿ ಇಳಿದು ರಸ್ತೆ ಹಿಡಿದು ಹೋಗಬೇಕು ಎಂದು ಅರ್ಥ. ಕಂಪನಿಗೆ ಬೇಕಾಗಿದ್ದು ದೊಡ್ಡ ಪಟ್ಟಣಗಳನ್ನು ನೇರವಾಗಿ ಕೂಡಿಸುವ ದಾರಿ. ದತ್ತನ ದರ್ಶನಕ್ಕೆ ಬರುವವರು ಇವತ್ತಿಗೂ ಆ ಸ್ಟೇಷನ್‌ನಲ್ಲಿ ಇಳಿದು ದೇವಲ ಗಾಣಗಾಪುರಕ್ಕೆ ಬೇರೆ ಗಾಡಿ ಹಿಡಿಯುತ್ತಾರೆ.

ಬರದಿಂದ ಹುಟ್ಟಿದ ಸಣ್ಣ ಹಳಿ

1876ರಿಂದ 1878ರವರೆಗೆ ದಖ್ಖನ್ ಭಾಗದಲ್ಲಿ ಭೀಕರ ಬರ ಬಿತ್ತು. ರೈಲು ಇದ್ದಲ್ಲಿಗೆ ಕಾಳು ಬಂತು. ಹಳಿ ಇಲ್ಲದ ವಿಜಯಪುರ, ಬಾಗಲಕೋಟ ಕಡೆಗೆ ಎತ್ತಿನ ಬಂಡಿಯೇ ಗತಿ. ಎತ್ತುಗಳಿಗೇ ಮೇವು ನೀರು ಇಲ್ಲದಾಗ ಬಂಡಿ ಹೂಡುವುದಾದರೂ ಹೇಗೆ? ಆ ಪಾಠದಿಂದ ಬರ ನೀಗುವ ಮಾರ್ಗ ಎಂದೇ ಹೊಸ ಹಳಿ ಹಾಕಿದರು. ಸದರ್ನ್ ಮರಾಠಾ ರೈಲ್ವೆ ಕಂಪನಿಯ ಹೊಟಗಿ–ಗದಗ ಮಾರ್ಗ 1884ರಲ್ಲಿ ತೆರೆಯಿತು.

ಇದು ಮೀಟರ್‌ಗೇಜ್. ಎರಡು ಹಳಿಗಳ ನಡುವೆ 1000 ಮಿಲಿಮೀಟರ್ ಅಂತರ. ದುಧನಿಯ ಮಾರ್ಗ ಬ್ರಾಡ್‌ಗೇಜ್, ಅಂತರ 1676 ಮಿಲಿಮೀಟರ್. ಒಂದರ ಮೇಲಿನ ಡಬ್ಬಿ ಇನ್ನೊಂದರ ಮೇಲೆ ಓಡದು. ಹಾಗಾಗಿ ಹೊಟಗಿಯಲ್ಲಿ ಮಂದಿ ಇಳಿದು ಗಾಡಿ ಬದಲಿಸಬೇಕು, ಮಾಲನ್ನು ಹಮಾಲರು ಇಳಿಸಿ ಮತ್ತೆ ಏರಿಸಬೇಕು.

ಈ ಕಂಪನಿಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. ಆ ಕಟ್ಟಡವೇ ಮುಂದೆ ಕರ್ನಾಟಕ ಕಾಲೇಜು ಆಯಿತು. ಗಾಡಿ ರಿಪೇರಿಯ ಕಾರ್ಖಾನೆ ಹುಬ್ಬಳ್ಳಿಯಲ್ಲಿ ಆಯಿತು. ಅದೇ ಹುಬ್ಬಳ್ಳಿಯಲ್ಲಿ, ಗದಗ ರಸ್ತೆಯ ಕಡೆಗೆ, 2020ರ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕದ ಮೊದಲ ರೈಲು ಮ್ಯೂಸಿಯಂ ಶುರುವಾಯಿತು. ಮಲಪ್ರಭಾ, ಘಟಪ್ರಭಾ ಎಂಬ ಎರಡು ಹಳೇ ಕಟ್ಟಡಗಳಲ್ಲಿ ಸಾಮಾನು ಇಟ್ಟಿದ್ದಾರೆ. ಹೊರಗೆ ಹಳೇ ಡಬ್ಬಿಗಳಿವೆ.

ಸಾಮಾನು ಮ್ಯೂಸಿಯಂಗೆ ಬರುವುದು ಯಾವಾಗ?

ಕೆಲಸ ನಿಂತಾಗ. 1992ರಲ್ಲಿ ರೈಲ್ವೆ ಇಲಾಖೆ ದೇಶದ ಬಹುಪಾಲು ಮಾರ್ಗಗಳನ್ನು ಬ್ರಾಡ್‌ಗೇಜ್ ಮಾಡುವ ಯೋಜನೆ ಹಿಡಿಯಿತು. ಹೊಟಗಿ–ಗದಗ ಮಾರ್ಗವೂ ಬದಲಾಯಿತು. ಹಳಿ ಕಿತ್ತಾಗ ಹಳಿಯೊಂದೇ ಹೋಗುವುದಿಲ್ಲ. ಅದರ ಜೊತೆ ಸಿಗ್ನಲ್ ಕಂಬ, ಲಿವರ್, ಟೋಕನ್ ಪೆಟ್ಟಿಗೆ, ದೀಪ ಎಲ್ಲವೂ ಒಂದೇ ಸಲ ನಿರುಪಯೋಗಿ ಆಗುತ್ತವೆ. ಕಂಪ್ಯೂಟರ್ ಬಂದಾಗ ರಟ್ಟಿನ ಟಿಕೆಟ್ ಹೋಯಿತು. ಹೀಗೆ ಕೆಲಸ ಕಳೆದುಕೊಂಡ ಸಾಮಾನಿಗೆ ಇರುವ ದಾರಿ ಎರಡೇ: ಒಂದು ಗುಜರಿ ಹರಾಜು, ಇನ್ನೊಂದು ಮ್ಯೂಸಿಯಂ. ಮೊದಲನೆಯ ದಾರಿ ಬಹಳ ಅಗಲ, ಎರಡನೆಯದು ಬಹಳ ಇಕ್ಕಟ್ಟು.

ಅಂಥ ಮೂರು ಸಾಮಾನು ನೋಡೋಣ.

ಮೊದಲನೆಯದು ಟೋಕನ್ ಚೆಂಡು. ಒಂದೇ ಹಳಿ ಇದ್ದ ಮಾರ್ಗದಲ್ಲಿ ಎರಡು ಗಾಡಿ ಎದುರುಬದುರು ಬಂದರೆ ಅನಾಹುತ. ಅದಕ್ಕೆ ಅಕ್ಕಪಕ್ಕದ ಎರಡು ಸ್ಟೇಷನ್‌ಗಳಲ್ಲಿ ಒಂದೊಂದು ಪೆಟ್ಟಿಗೆ ಇಟ್ಟು ತಂತಿಯಿಂದ ಕೂಡಿಸಿದ್ದರು. ಎರಡೂ ಕಡೆಯ ಮಾಸ್ತರರು ಒಪ್ಪಿದರೆ ಮಾತ್ರ ಒಂದು ಚೆಂಡು ಹೊರಗೆ ಬರುತ್ತದೆ. ಅದು ಮತ್ತೆ ಪೆಟ್ಟಿಗೆ ಸೇರುವವರೆಗೆ ಎರಡೂ ಕಡೆ ಇನ್ನೊಂದು ಚೆಂಡು ಬರುವುದಿಲ್ಲ. ಚೆಂಡು ಕೈಯಲ್ಲಿ ಇಲ್ಲದೆ ಡ್ರೈವರ್ ಗಾಡಿ ಬಿಡುವಂತಿಲ್ಲ. ಚೆಂಡಿನ ಚೀಲವನ್ನು ದೊಡ್ಡ ಬಳೆಗೆ ಕಟ್ಟಿ ಸಿಬ್ಬಂದಿ ಎತ್ತಿ ಹಿಡಿಯುತ್ತಿದ್ದರು, ಓಡುವ ಎಂಜಿನ್‌ನಿಂದ ಕೈ ಚಾಚಿ ಅದನ್ನು ತೆಗೆದುಕೊಳ್ಳುತ್ತಿದ್ದರು. ನೂರಾರು ಜೀವ ಒಂದು ಕಬ್ಬಿಣದ ಚೆಂಡಿನ ಮೇಲೆ ನಿಂತಿತ್ತು.

ಎರಡನೆಯದು ರಟ್ಟಿನ ಟಿಕೆಟ್. ಇಂಗ್ಲೆಂಡಿನ ಸ್ಟೇಷನ್ ಮಾಸ್ತರ ಥಾಮಸ್ ಎಡ್ಮಂಡ್ಸನ್ 1830ರ ದಶಕದ ಕೊನೆಗೆ ಇದನ್ನು ಕಂಡುಹಿಡಿದ. ರೈಲ್ವೆಗೆ ಬರುವ ಮುಂಚೆ ಅವನು ಬಡಿಗ ಕೆಲಸದವನು. ಸುಮಾರು 57 ಮಿಲಿಮೀಟರ್ ಉದ್ದ, 30 ಮಿಲಿಮೀಟರ್ ಅಗಲದ ರಟ್ಟು, ಅದರ ಮೇಲೆ ಸಾಲಾಗಿ ನಂಬರು. ಟಿಕೆಟ್ ಕೊಡುವಾಗ ತಾರೀಖಿನ ಯಂತ್ರದಲ್ಲಿ ತೂರಿಸಿದರೆ ಟಕ್ ಎಂದು ಮುದ್ರೆ ಬೀಳುತ್ತಿತ್ತು. ರಾತ್ರಿ ಲೆಕ್ಕ ಸರಳ: ಬೆಳಿಗ್ಗೆಯ ನಂಬರು 0412, ರಾತ್ರಿಯ ನಂಬರು 0450 ಆದರೆ 38 ಟಿಕೆಟ್ ಹೋಗಿವೆ, ಅಷ್ಟು ದುಡ್ಡು ಗಲ್ಲೆಯಲ್ಲಿ ಇರಬೇಕು. ಸುಳ್ಳು ಹೇಳಲು ಜಾಗವಿಲ್ಲ.

ಮೂರನೆಯದು ಕೈದೀಪ. ಸೀಮೆಎಣ್ಣೆಯ ಕಂದೀಲು, ಅದರಲ್ಲಿ ಕೆಂಪು, ಹಸಿರು ಗಾಜು ತಿರುಗಿಸುವ ವ್ಯವಸ್ಥೆ. ಕೆಂಪು ತೋರಿಸಿದರೆ ನಿಲ್ಲು, ಹಸಿರು ತೋರಿಸಿದರೆ ಹೋಗು. ಮಳೆಗಾಲದ ರಾತ್ರಿ ಹಳಿ ನೋಡಲು ಒಬ್ಬನೇ ಮೈಲುಗಟ್ಟಲೆ ನಡೆಯುತ್ತಿದ್ದ ಗಸ್ತಿನವನಿಗೆ ಈ ದೀಪವೇ ಜೊತೆಗಾರ.

ಯಾರ ಸಾಮಾನು ಉಳಿಯುತ್ತದೆ?

1979ರಲ್ಲಿ ಶುರುವಾದ ಮೈಸೂರಿನ ರೈಲು ಮ್ಯೂಸಿಯಂನಲ್ಲಿ 1899ರ ಮಹಾರಾಣಿಯವರ ಸಲೂನ್ ಡಬ್ಬಿ ಇದೆ. ನೋಡಲೇಬೇಕಾದ ವಸ್ತು, ಉಳಿದದ್ದು ಒಳ್ಳೆಯದೇ ಆಯಿತು. ಆದರೆ ಅರಮನೆಯ ಸಾಮಾನು ತಾನಾಗಿ ಉಳಿಯುತ್ತದೆ. ಅದನ್ನು ಗುಜರಿಗೆ ಹಾಕಲು ಯಾರ ಕೈಯೂ ಬಾರದು. ಗ್ಯಾಂಗ್‌ಮನ್‌ನ ಸುತ್ತಿಗೆ, ಹಮಾಲನ ತೋಳಿನ ಬಿಲ್ಲೆ, ಗೇಟ್ ಕಾಯುವವನ ಹಸಿರು ಬಾವುಟ, ಇವಕ್ಕೆ ಆ ಭಾಗ್ಯ ಇಲ್ಲ. ಅವು ಮನೆಯ ಅಟ್ಟದಲ್ಲಿ ಇರುತ್ತವೆ. ಮುದುಕ ಹೋದ ಮೇಲೆ ಮನೆ ಸುಣ್ಣ ಬಳಿಯುವಾಗ ಹಳೇ ಸಾಮಾನಿನವನ ಗಾಡಿ ಏರುತ್ತವೆ. ಕೆಜಿಗೆ ಇಷ್ಟು ಎಂದು ದುಡ್ಡು ಬರುತ್ತದೆ, ಕಥೆ ಮುಗಿಯುತ್ತದೆ.

ನಮ್ಮ ಭಾಗಕ್ಕೆ ಇನ್ನೊಂದು ತೊಡಕು ಇದೆ. ಹುಬ್ಬಳ್ಳಿ ಮ್ಯೂಸಿಯಂ ನೈರುತ್ಯ ರೈಲ್ವೆಯದು. ದುಧನಿ, ಗಾಣಗಾಪುರ ರೋಡ್, ಕಲಬುರಗಿ ಇರುವುದು ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿ, ಅದರ ಮುಖ್ಯ ಕಚೇರಿ ಮುಂಬೈಯಲ್ಲಿ. ವಾಡಿ ದಾಟಿದರೆ ದಕ್ಷಿಣ ಮಧ್ಯ ರೈಲ್ವೆ, ಅದರ ಕಚೇರಿ ಸಿಕಂದರಾಬಾದಿನಲ್ಲಿ. ಒಂದೇ ಜಿಲ್ಲೆಯ ಹಳಿಗೆ ಇಬ್ಬರು ಯಜಮಾನರು, ಇಬ್ಬರೂ ದೂರದವರು. ಇಲ್ಲಿನ ಸಾಮಾನನ್ನು ‘ಇದು ನಮ್ಮದು’ ಎಂದು ಕೇಳುವವರು ಹತ್ತಿರದಲ್ಲಿಲ್ಲ. ಹಾಗಾಗಿ ಕೇಳುವ ಕೆಲಸ ನಾವೇ ಮಾಡಬೇಕು.

ನಿಮ್ಮೂರಿನಲ್ಲಿ ಹುಡುಕಿ

ನಮ್ಮ ಎಷ್ಟೋ ಹಳ್ಳಿ ಶಾಲೆಗಳಲ್ಲಿ ಗಂಟೆ ಅಂದರೆ ತೂಗುಹಾಕಿದ ಹಳಿ ತುಂಡು. ಹಳೇ ಮನೆಗಳಲ್ಲಿ ತೊಲೆಯ ಜಾಗದಲ್ಲಿ ಹಳಿ ಇರುವುದುಂಟು. ಅದರ ಪಕ್ಕದ ಭಾಗವನ್ನು ಬಟ್ಟೆಯಿಂದ ಉಜ್ಜಿ ನೋಡಿ. ಹಳಿ ತಯಾರಿಸುವಾಗಲೇ ಕಾರ್ಖಾನೆಯ ಹೆಸರು ಮತ್ತು ವರ್ಷವನ್ನು ಉಬ್ಬು ಅಕ್ಷರದಲ್ಲಿ ಮೂಡಿಸುವ ಪದ್ಧತಿ ಇದೆ. ಆ ತುಂಡಿನಲ್ಲಿ ಅಕ್ಷರ ಉಳಿದಿದ್ದರೆ ನಿಮ್ಮ ಶಾಲೆಯ ಗಂಟೆ ಎಲ್ಲಿ ಹುಟ್ಟಿತು, ಯಾವಾಗ ಹುಟ್ಟಿತು ಎಂದು ಗೊತ್ತಾಗುತ್ತದೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಇತಿಹಾಸದ ಪಾಠ ಸಿಗಲಿಕ್ಕಿಲ್ಲ.

ಒಂದು ಎಚ್ಚರಿಕೆ. ಹಳಿ ಪಕ್ಕ ಬಿದ್ದ ಸಾಮಾನು ಎತ್ತಿಕೊಂಡು ಬರಬೇಡಿ. ರೈಲ್ವೆ ಆಸ್ತಿಯನ್ನು ಅಕ್ರಮವಾಗಿ ಇಟ್ಟುಕೊಳ್ಳುವುದು 1966ರ ಕಾಯ್ದೆ ಪ್ರಕಾರ ಅಪರಾಧ. ನಾವು ಹೇಳುತ್ತಿರುವುದು ಮನೆಯಲ್ಲಿ ನ್ಯಾಯವಾಗಿ ಉಳಿದಿರುವ ಸಾಮಾನಿನ ಬಗ್ಗೆ: ಅಜ್ಜನ ನೇಮಕದ ಕಾಗದ, ಅವರ ಸಮವಸ್ತ್ರದ ಗುಂಡಿ, ಪಾಸು, ಹಳೇ ಟಿಕೆಟ್, ಸ್ಟೇಷನ್‌ನಲ್ಲಿ ತೆಗೆದ ಫೋಟೋ.

ಅಂಥದ್ದು ಇದ್ದರೆ ಮೊದಲು ಫೋನಿನಲ್ಲಿ ಫೋಟೋ ತೆಗೆಯಿರಿ. ಅದರ ಕೆಳಗೆ ನಾಲ್ಕು ಸಾಲು ಬರೆಯಿರಿ: ಯಾರದ್ದು, ಯಾವ ಸ್ಟೇಷನ್‌ನಲ್ಲಿ ಕೆಲಸ, ಯಾವ ವರ್ಷ, ಏನಕ್ಕೆ ಬಳಸುತ್ತಿದ್ದರು. ಹೆಸರು, ಊರು ಇಲ್ಲದ ಕಂದೀಲು ಮ್ಯೂಸಿಯಂನಲ್ಲೂ ಬರೀ ಕಂದೀಲೇ. ‘ಈ ದೀಪ ಹಿಡಿದು ಇಂಥವರು ಗಾಣಗಾಪುರ ರೋಡ್‌ನಿಂದ ಇಷ್ಟು ಮೈಲು ನಡೆಯುತ್ತಿದ್ದರು’ ಎಂದು ಚೀಟಿ ಇದ್ದರೆ ಅದು ಇತಿಹಾಸ. ಸಾಮಾನು ಕೊಡುವ ಮನಸ್ಸಾದರೆ ಈ ಚೀಟಿಯ ಜೊತೆಗೇ ಕೊಡಿ, ಕೊಟ್ಟದ್ದಕ್ಕೆ ರಸೀದಿ ಕೇಳಿ. ಕೊಡುವ ಮನಸ್ಸಿಲ್ಲವೇ, ಚಿಂತೆ ಇಲ್ಲ, ಮನೆಯಲ್ಲೇ ಇರಲಿ. ಗುಜರಿಗೆ ಹಾಕದಿದ್ದರೆ ಸಾಕು.

ಅವಸರ ಯಾಕೆಂದರೆ, 1970ರ ದಶಕದಲ್ಲಿ ಕೆಲಸಕ್ಕೆ ಸೇರಿದ ಬಹಳ ಮಂದಿಗೆ ಈಗ ಎಪ್ಪತ್ತು ದಾಟಿದೆ. ಉಗಿ ಎಂಜಿನ್‌ಗೆ ಕಲ್ಲಿದ್ದಲು ಹಾಕಿದವರು, ಟೋಕನ್ ಬಳೆ ಎತ್ತಿ ಹಿಡಿದವರು ಇನ್ನೂ ಕೆಲವರು ನಮ್ಮ ಊರುಗಳಲ್ಲಿ ಕಟ್ಟೆಯ ಮೇಲೆ ಕೂಡುತ್ತಾರೆ. ಸಾಮಾನು ತುಕ್ಕು ಹಿಡಿದರೂ ಹತ್ತು ವರ್ಷ ತಡೆದೀತು, ನೆನಪು ತಡೆಯುವುದಿಲ್ಲ. ಈ ವಾರ ಅಂಥ ಒಬ್ಬರ ಹತ್ತಿರ ಹೋಗಿ ಕೂತು ಕೇಳಿ, ಫೋನಿನಲ್ಲಿ ಅವರ ಮಾತು ಹಿಡಿದಿಟ್ಟುಕೊಳ್ಳಿ.