ತಿಗರಿ ಇಲ್ಲದ ಕುಂಬಾರಿಕೆ: ಧಾರವಾಡ ಸೀಮೆ

ಹದವಾದ ಮಣ್ಣನ್ನು ರೊಟ್ಟಿಯಂತೆ ತಟ್ಟಿ, ಆ ಹಲ್ಲೆಯನ್ನೇ ಬಗ್ಗಿಸಿ, ಕತ್ತರಿಸಿ, ಅಂಚಿಗೆ ಅಂಚು ಕೂಡಿಸಿ ವಸ್ತು ಕಟ್ಟುವುದು ತಿಗರಿ (ಕುಂಬಾರರ ಚಕ್ರ) ಬೇಡದ ಕೈಗೆಲಸ. ಕುಂಬಾರಿಕೆ ಎಂದೊಡನೆ ಬರಹಗಾರರ ಕಣ್ಣು ತಿಗರಿಯತ್ತ ಹೋಗುತ್ತದೆ. ತಿಗರಿಯ ಮುಂದೆ ಕೂರುವವರು ಹೆಚ್ಚಾಗಿ ಗಂಡಸರು. ಮಣ್ಣು ತುಳಿದು ಹದಮಾಡುವ, ತಟ್ಟುವ ಕೆಲಸದಲ್ಲಿ ಹೆಂಗಸರ ಪಾಲು ದೊಡ್ಡದು. ಹೀಗಾಗಿ ಈ ಕೈಗೆಲಸದ ಚರಿತ್ರೆ ಉತ್ಖನನ ವರದಿ, ಹಬ್ಬದ ವಿವರಣೆ, ಅಡುಗೆಮನೆಯ ಪರಿಕರಗಳ ನಡುವೆ ಚದುರಿಹೋಗಿದೆ.

ಅತಿ ಹಳೆಯ ಸಾಕ್ಷ್ಯ ಸಿಗುವುದು ನವಶಿಲಾಯುಗದ ನೆಲೆಗಳಲ್ಲಿ. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆಸಿದಾಗ ಕೆಳಪದರದಲ್ಲಿ ಸಿಕ್ಕ ಬೂದುಬಣ್ಣದ ಒರಟು ಮಡಕೆಗಳು ಬಹುಪಾಲು ಕೈಯಿಂದ ಮಾಡಿದವು. ಈ ಸಂಸ್ಕೃತಿ ಕ್ರಿ.ಪೂ. ಮೊದಲ ಸಹಸ್ರಮಾನದ್ದು ಎಂದು ಅವರು ಅಂದಾಜಿಸಿದ್ದರು. ಇಂಗಾಲದ ಕಾಲನಿರ್ಣಯ ಬಂದ ಮೇಲೆ ದಕ್ಷಿಣದ ನವಶಿಲಾಯುಗದ ಆರಂಭ ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಹಿಂದೆ ಸರಿಯಿತು. ಹಳೆಯ ಅಂದಾಜನ್ನೇ ಎತ್ತಿ ಬರೆಯುವ ಪುಸ್ತಕಗಳನ್ನು ಓದುವಾಗ ಈ ತಿದ್ದುಪಡಿ ನೆನಪಿನಲ್ಲಿರಬೇಕು.

ಧಾರವಾಡಕ್ಕೆ ಹತ್ತಿರದ ನೆಲೆ ತುಂಗಭದ್ರೆಯ ದಡದ ಹಳ್ಳೂರು. 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದ ಈ ಊರು ಈಗ ಹಾವೇರಿ ಜಿಲ್ಲೆಯಲ್ಲಿದೆ. ಎಂ.ಎಸ್. ನಾಗರಾಜರಾವ್ 1965ರಲ್ಲಿ ನಡೆಸಿದ ಉತ್ಖನನದ ವರದಿ 1971ರಲ್ಲಿ ಪ್ರಕಟವಾಯಿತು. ಇಂಥ ನೆಲೆಗಳ ಬೋಕಿಗಳನ್ನು (ಮಡಕೆ ಚೂರುಗಳನ್ನು) ಹೇಗೆ ಮಾಡಿದ್ದರು ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ತಿಗರಿಯ ಮೇಲೆ ಎತ್ತಿದ ಮಡಕೆಯ ಒಳಮೈಯಲ್ಲಿ ತಳದಿಂದ ಬಾಯಿಯವರೆಗೆ ಗೆರೆಗಳು ಸಾಲಾಗಿ ಮೂಡಿರುತ್ತವೆ. ಬಾಯಂಚಿನಲ್ಲಷ್ಟೇ ಗೆರೆ ಇದ್ದರೆ? ಕೈಯಲ್ಲಿ ಕಟ್ಟಿ, ನಿಧಾನವಾಗಿ ತಿರುಗುವ ಮಣೆಯ ಮೇಲೆ ಅಂಚು ತಿದ್ದಿರಬಹುದು, ಒದ್ದೆ ಬಟ್ಟೆಯಿಂದ ಸವರಿಯೂ ಇರಬಹುದು. ಮೈಯನ್ನು ಕಲ್ಲಿನಿಂದ ಉಜ್ಜಿ ನುಣುಪು ಮಾಡಿದ್ದರೆ ಸುರುಳಿ ಸುತ್ತಿದ್ದೋ ಹಲ್ಲೆ ಬಗ್ಗಿಸಿದ್ದೋ ಎಂಬ ಗುರುತೂ ಅಳಿಸಿಹೋಗುತ್ತದೆ. ಆದ್ದರಿಂದ ‘ಕೈಯಿಂದ ಮಾಡಿದ್ದು’ ಎಂಬ ವರ್ಗದೊಳಗೆ ಹಲವು ಕ್ರಮಗಳು ಸೇರಿಕೊಂಡಿವೆ ಎಂದೇ ತಿಳಿಯಬೇಕು.

ಕಬ್ಬಿಣ ಬಂದ ಮೇಲೆ ಕಪ್ಪು-ಕೆಂಪು ಮಡಕೆಗಳು ಹೆಚ್ಚಾದವು, ತಿಗರಿ ನೆಲೆಯೂರಿತು. ಆದರೂ ತಟ್ಟುವ ಕೆಲಸ ನಿಲ್ಲಲಿಲ್ಲ. ಜೋಳದ ರೊಟ್ಟಿ ಬೇಯಿಸುವ ಮಣ್ಣಿನ ಹಂಚು ಇದಕ್ಕೆ ಒಳ್ಳೆಯ ಉದಾಹರಣೆ. ಮರಳು ಬೆರೆಸಿದ ಮಣ್ಣನ್ನು ಬೂದಿ ಉದುರಿಸಿದ ನೆಲದ ಮೇಲೆ ದುಂಡಗೆ ತಟ್ಟಿ, ಬೋರಲಿಟ್ಟ ಅಚ್ಚಿನ ಮೇಲೆ ಹಾಸಿ ಬಡಿದರೆ ತಗ್ಗು ಬರುತ್ತದೆ. ಬೂದಿ ಇರುವುದರಿಂದ ಮಣ್ಣು ಅಂಟುವುದಿಲ್ಲ; ಮರಳಿನಿಂದಾಗಿ ಹಂಚು ಒಲೆಯ ಕಾವಿಗೆ ಸುಲಭವಾಗಿ ಸೀಳುವುದಿಲ್ಲ. ನೆರಳಲ್ಲಿ ಒಣಗಿಸಿ ಆವಿಗೆಯಲ್ಲಿ ಸುಟ್ಟರೆ ಹಂಚು ಸಿದ್ಧ.

ಇದಕ್ಕಿಂತ ಹೆಚ್ಚು ಮರೆಯಾಗಿರುವುದು ಸುಡದ ಮಣ್ಣಿನ ಪರಂಪರೆ. ಮಣ್ಣೆತ್ತಿನ ಅಮಾವಾಸ್ಯೆಗೆ ಜೋಡೆತ್ತುಗಳ ಜೊತೆ ಗ್ವಾದಲಿಯನ್ನೂ ಮಾಡುತ್ತಾರೆ. ಚಪ್ಪಟೆ ಮಣ್ಣಿನ ಸುತ್ತ ಅಂಚು ಎಬ್ಬಿಸಿದರೆ ಮೇವಿನ ತೊಟ್ಟಿಯಾಯಿತು. ಆಷಾಢದ ಮಂಗಳವಾರಗಳಂದು ಹೆಣ್ಣುಮಕ್ಕಳು ಗುಳ್ಳವ್ವ ಎಂಬ ದೇವಿಯ ಮಣ್ಣಿನ ಮೂರ್ತಿ ಮಾಡಿ ಗುಲಗಂಜಿ, ಕುಸುಬಿ ಕಾಳು ಒತ್ತಿ ಸಿಂಗರಿಸುತ್ತಾರೆ. ಪೂಜೆ ಮುಗಿದ ಮೇಲೆ ಇವೆಲ್ಲ ನೀರಿಗೆ ಹೋಗುತ್ತವೆ. ಸುಟ್ಟ ಬೋಕಿ ಸಾವಿರಾರು ವರ್ಷ ಉಳಿಯುತ್ತದೆ, ಹಸಿಮಣ್ಣು ಕರಗುತ್ತದೆ. ಹೀಗಾಗಿ ಅಗೆತದಲ್ಲಿ ಸಿಗಲಿಲ್ಲವೆಂದು ಈ ಆಚರಣೆಗಳು ಹೊಸವು ಎನ್ನಲಾಗದು.

ಕಾರ್ಖಾನೆಯ ಕತೆ ಎಲ್ಲರಿಗೂ ಗೊತ್ತಿರುವಂಥದು: 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಮಂಗಳೂರಿನಲ್ಲಿ ಆರಂಭಿಸಿದ ಉದ್ಯಮದಲ್ಲಿ ಮಣ್ಣಿನ ಹಲ್ಲೆಗಳು ಅಚ್ಚೊತ್ತುವ ಯಂತ್ರದಡಿ ಹೆಂಚುಗಳಾದವು. ಧಾರವಾಡದ ನೆರೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯಿದೆ. ಆಯೋಗ 2018ರಲ್ಲಿ ಶುರುಮಾಡಿದ ಕುಂಬಾರ ಸಬಲೀಕರಣ ಯೋಜನೆಯ ಮುಖ್ಯ ಕೊಡುಗೆ ವಿದ್ಯುತ್ ತಿಗರಿ. ಸರ್ಕಾರದ ಕಣ್ಣಲ್ಲೂ ಕುಂಬಾರಿಕೆಯೆಂದರೆ ತಿಗರಿಯೇ.

ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳ ವಿರುದ್ಧ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಪರಿಷ್ಕೃತ ಮಾರ್ಗಸೂಚಿ ಹೊರಡಿಸಿದ ಮೇಲೆ ಹಬ್ಬದ ಮೂರ್ತಿಗಳಿಗೆ ಜೇಡಿಮಣ್ಣೇ ಬೇಕೆಂಬ ಒತ್ತಾಯ ಬಲವಾಯಿತು. ಇಲ್ಲಿಯೂ ತಿಗರಿಯಿಲ್ಲ: ಅಚ್ಚಿನ ಗಣಪತಿಯಲ್ಲಿ ತಟ್ಟಿದ ಹಲ್ಲೆಯನ್ನು ಎರಡು ಅರೆ ಅಚ್ಚುಗಳಿಗೆ ಒತ್ತಿ, ಅಂಚಿಗೆ ಗೀರು ಹಾಕಿ, ತೆಳು ಕೆಸರು ಬಳಿದು ಜೋಡಿಸುತ್ತಾರೆ. ಒಳಗೆ ಟೊಳ್ಳಿರುವುದರಿಂದ ಮೂರ್ತಿ ಬೇಗ ಒಣಗುತ್ತದೆ, ಭಾರವೂ ಕಡಿಮೆ.